ಊಜಿ ಪರದೆ ಮತ್ತು ಮೆದುಳಿನ ತಡೆಗೋಡೆ

2004ರಲ್ಲಿ ನಾನು ಶಿಡ್ಲಘಟ್ಟದ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ಫಿಜಿಷಿಯನ್ ಆಗಿದ್ದೆ. ಚಿಕ್ಕಬಳ್ಳಾಪುರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ; ನಮ್ಮ ವರದಿಗಳೆಲ್ಲ ಕೋಲಾರಕ್ಕೆ ಹೋಗುತ್ತಿದ್ದವು. ಆಸ್ಪತ್ರೆಯಲ್ಲಿ ಇಪ್ಪತ್ತು ಹಾಸಿಗೆ, ಒಂದು ಎಕ್ಸ್‌ರೇ ಯಂತ್ರ, ಒಂದು ಚಿಕ್ಕ ಪ್ರಯೋಗಾಲಯ ಇದ್ದವು. ಸ್ಕ್ಯಾನ್ ಬೇಕಾದರೆ ಬೆಂಗಳೂರಿಗೆ ಕಳಿಸಬೇಕಿತ್ತು.

ಆ ವರ್ಷದ ಜನವರಿಯಲ್ಲಿ ದಿಬ್ಬೂರಹಳ್ಳಿ ಕಡೆಯ ಹಳ್ಳಿಯೊಂದರಿಂದ ಸುಜಾತ ಎಂಬ ಇಪ್ಪತ್ತಾರು ವರ್ಷದ ಹೆಂಗಸನ್ನು ಗಂಡ ಅಂಜಿನಪ್ಪ, ಅತ್ತೆ ಪಿಳ್ಳಮ್ಮ ಕರೆತಂದರು. ಮೂರು ವಾರದಿಂದ ತಲೆನೋವು, ಸಂಜೆ ಜ್ವರ, ವಾಂತಿ. ಎರಡು ದಿನದಿಂದ ಮಂಪರು. ಕುತ್ತಿಗೆ ಬಿಗಿದಿತ್ತು. ಬೆನ್ನುಹುರಿಯ ಸುತ್ತಲಿನ ದ್ರವವನ್ನು ಸೂಜಿಯಿಂದ ತೆಗೆದು ಇಟ್ಟಾಗ, ಕೆಲವು ಗಂಟೆಗಳಲ್ಲಿ ಅದರಲ್ಲಿ ಜೇಡರ ಬಲೆಯಂಥ ತೆಳುವಾದ ಹೆಪ್ಪು ಕಟ್ಟಿತು. ಸಕ್ಕರೆ ಅಂಶ ಕಡಿಮೆ, ಪ್ರೋಟೀನ್ ಹೆಚ್ಚು. ಅದು ಕ್ಷಯದಿಂದ ಬಂದ ಮೆನಿಂಜೈಟಿಸ್, ಅಂದರೆ ಮೆದುಳಿನ ಹೊದಿಕೆಗೆ ತಗುಲಿದ ಟಿ.ಬಿ. ಬೆಂಗಳೂರಿನ ಸ್ಕ್ಯಾನ್ ಕೂಡ ಅದಕ್ಕೆ ಹೊಂದುತ್ತಿತ್ತು.

ಇಲ್ಲಿ ಸ್ವಲ್ಪ ವೈದ್ಯಶಾಸ್ತ್ರ ಹೇಳಬೇಕು. ಮೆದುಳಿನ ಸೂಕ್ಷ್ಮ ರಕ್ತನಾಳಗಳ ಒಳಗೋಡೆಯ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡಿರುತ್ತವೆ. ಹೀಗೆ ಬೆಸೆಯುವ ಪ್ರೋಟೀನ್‌ಗಳಲ್ಲಿ ಮುಖ್ಯವಾದವು ಕ್ಲಾಡಿನ್ ಮತ್ತು ಆಕ್ಲುಡಿನ್. ನಾನು ಓದುವಾಗ ಪಠ್ಯದಲ್ಲಿ ಈ ಹೆಸರುಗಳು ಇರಲಿಲ್ಲ. ಈ ಬೆಸುಗೆಗಳಿಗೆ ಟೈಟ್ ಜಂಕ್ಷನ್ ಎನ್ನುತ್ತಾರೆ. ಇವು ಗಟ್ಟಿಯಾಗಿರುವಷ್ಟು ದಿನ ರಕ್ತದಲ್ಲಿರುವ ಬಹಳಷ್ಟು ವಸ್ತುಗಳು ಮೆದುಳನ್ನು ಮುಟ್ಟಲಾರವು. ಸೋಂಕಿನ ಉರಿಯೂತದಲ್ಲಿ ಈ ಬೆಸುಗೆಗಳು ಸಡಿಲವಾಗುತ್ತವೆ. ನೀರು ಸೋರಿ ಮೆದುಳು ಊದಿಕೊಳ್ಳುತ್ತದೆ. ಆದರೆ ಸಾಮಾನ್ಯವಾಗಿ ಒಳಹೋಗಲಾರದ ಔಷಧಗಳೂ ಅದೇ ಸಂದಿನಲ್ಲಿ ಒಳಹೋಗುತ್ತವೆ. ಸ್ಟ್ರೆಪ್ಟೊಮೈಸಿನ್ ಅಂಥದ್ದು. ಉರಿಯೂತ ಇಳಿದಂತೆ ಬೆಸುಗೆ ಮತ್ತೆ ಬಿಗಿಯುತ್ತದೆ. ಐಸೊನಿಯಾಜಿಡ್‌ನಂಥ ಮಾತ್ರೆ ಆಗಲೂ ದಾಟುತ್ತದೆ. ರಿಫಾಂಪಿಸಿನ್ ಅಲ್ಪಸ್ವಲ್ಪ ದಾಟುತ್ತದೆ. ಹಾಗಾಗಿ ರೋಗಿ ಚೆನ್ನಾಗಿ ಕಾಣುವ ಹೊತ್ತಿಗೇ ಮೆದುಳಿಗೆ ಔಷಧದ ದಾರಿ ಕಿರಿದಾಗಿರುತ್ತದೆ. ಒಳಗೆ ಉಳಿದ ಕ್ರಿಮಿಗಳನ್ನು ಮುಗಿಸಲು ತಿಂಗಳುಗಟ್ಟಲೆ, ಬಿಡದೆ ಮಾತ್ರೆ ಕೊಡಬೇಕು. ಸುಜಾತಳಿಗೆ ಒಟ್ಟು ಒಂಬತ್ತು ತಿಂಗಳ ಚಿಕಿತ್ಸೆ ಎಂದು ಬರೆದೆ.

ಎರಡು ವಾರದಲ್ಲಿ ಅವಳು ಎದ್ದು ಕೂತಳು. ಪಿಳ್ಳಮ್ಮ ಮಂಚದ ಪಕ್ಕದಲ್ಲೇ ಕೂತು ಛೇಡಿಸುತ್ತಿದ್ದರು.

"ಹುಳಕ್ಕೆ ಜ್ವರ ಅಂದ್ರೆ ಎದ್ದು ಓಡ್ತಿದ್ದೋಳು, ನಿನ್ ಜ್ವರಕ್ಕೆ ಮಾತ್ರ ಮಹಾರಾಣಿ ಥರ ಮಲಗಿದೀಯ ಕಣೇ."

"ಹುಳಕ್ಕಾದ್ರೆ ಎಲ್ಡು ದಿನದ ಜ್ವರ ಅತ್ತೆ. ನಂದು ಒಂಬತ್ತು ತಿಂಗಳಂತೆ. ಇದೇನ್ ಬಸುರಿನಾ?" ಎಂದಳು ಸುಜಾತ.

ರೇಷ್ಮೆ ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ನಿಶ್ಚಲವಾಗುವುದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ. ಆ ಮನೆಯಲ್ಲಿ ಹುಳು ಸಾಕುವ ಕೈ ಸುಜಾತಳದೇ ಎಂಬುದು ಅವತ್ತಿನ ಮಾತಿನಲ್ಲೇ ನನಗೆ ಗೊತ್ತಾಗಬೇಕಿತ್ತು. ನಾನು ನಕ್ಕು ಮುಂದಿನ ಹಾಸಿಗೆಗೆ ಹೋದೆ.

ಬಿಡುಗಡೆಯ ದಿನ ನಿಯಮದಂತೆ ಎಚ್ಚರಿಕೆ ಹೇಳಿದೆ: "ಈ ಮಾತ್ರೆ ತಗೊಂಡ ದಿನ ಉಚ್ಚೆ ಕಿತ್ತಳೆ ಬಣ್ಣ ಆಗುತ್ತೆ. ಬೆವರು, ಕಣ್ಣೀರೂ ಹಳದಿ ಆಗಬಹುದು. ಹೆದರಬೇಡಿ." ಅದು ರಿಫಾಂಪಿಸಿನ್ನಿನ ಬಣ್ಣ. ಯಾರಿಗೂ ಅದರಿಂದ ತೊಂದರೆಯಿಲ್ಲ ಎಂಬುದು ನನ್ನ ಮಟ್ಟಿಗೆ ಅಲ್ಲಿಗೆ ಮುಗಿದ ವಿಷಯ.

ಮೊದಲ ಎರಡು ತಿಂಗಳು ಇಂಜೆಕ್ಷನ್ನೂ ಮಾತ್ರೆಗಳೂ ನರ್ಸಿನ ಕಣ್ಣೆದುರೇ ನಡೆದವು. ಆಮೇಲೆ ವಾರಕ್ಕೆ ಮೂರು ದಿನದ ಮಾತ್ರೆ: ಸೋಮವಾರದ್ದನ್ನು ಊರಿನ ಅಂಗನವಾಡಿ ಕಾರ್ಯಕರ್ತೆ ಗಾಯತ್ರಿಯ ಎದುರು ನುಂಗಬೇಕು, ಬುಧವಾರ ಮತ್ತು ಶುಕ್ರವಾರದ್ದನ್ನು ಮನೆಯಲ್ಲಿ. ಮಾತ್ರೆ ಖಾಲಿಯಾದ ಪಟ್ಟಿಯನ್ನು (ಸ್ಟ್ರಿಪ್) ನನಗೆ ವಾಪಸು ಕೊಡಬೇಕು. ಸುಜಾತ ತಿಂಗಳಿಗೊಮ್ಮೆ ನನ್ನ ಬಳಿ ಬರುತ್ತಿದ್ದಳು. ಜೂನ್‌ನಲ್ಲಿ ಅವಳ ತೂಕ ಏರಿತ್ತು, ತಲೆನೋವು ಇರಲಿಲ್ಲ; ಚೆನ್ನಾಗಿದ್ದೀಯ ಎಂದು ಹೇಳಿ ಕಳಿಸಿದೆ. ಜುಲೈ ಮತ್ತು ಆಗಸ್ಟ್‌ನಲ್ಲಿ ಅವಳ ಬದಲು ಅಂಜಿನಪ್ಪ ಬಂದ. ಖಾಲಿ ಪಟ್ಟಿಗಳನ್ನು ಮೇಜಿನ ಮೇಲಿಟ್ಟು, "ಚೆನ್ನಾಗವ್ಳೆ ಮೇಡಂ, ಹುಳ ಐತೆ, ಬರಕ್ಕಾಗ್ಲಿಲ್ಲ" ಎಂದ. ಪಟ್ಟಿ ಎಣಿಸಿ, ಕಾರ್ಡಿನಲ್ಲಿ ಚಿಕಿತ್ಸೆ ನಿಯಮಿತ ಎಂದು ಬರೆದೆ.

ಸೆಪ್ಟೆಂಬರ್ ಮೊದಲ ವಾರ, ಒಂದು ಬುಧವಾರ ಮಧ್ಯಾಹ್ನ, ಸುಜಾತಳನ್ನು ಟೆಂಪೊದಲ್ಲಿ ಮಲಗಿಸಿಕೊಂಡು ಬಂದರು. ಪ್ರಜ್ಞೆ ಅರೆಬರೆ. ಬಲಗೈ ಎತ್ತಿ ಬಿಟ್ಟರೆ ದೊಪ್ಪನೆ ಬೀಳುತ್ತಿತ್ತು. ಕ್ಯಾಥೆಟರ್ ಹಾಕಿದ ನರ್ಸ್ ಚೀಲವನ್ನು ನನಗೆ ತೋರಿಸಿದರು. ಮೂತ್ರ ತಿಳಿಯಾಗಿತ್ತು.

"ಇವತ್ತು ಮಾತ್ರೆ ತಗೊಂಡಿದ್ದಾಳಾ?" ಎಂದು ಕೇಳಿದೆ.

"ಬೆಳಿಗ್ಗೇನೇ ನುಂಗವ್ಳಮ್ಮ, ನನ್ ಕಣ್ಮುಂದೆ" ಎಂದರು ಪಿಳ್ಳಮ್ಮ.

"ನುಂಗಿದ್ರೆ ಇದು ಕಿತ್ತಳೆ ಬಣ್ಣ ಇರಬೇಕಿತ್ತು ಪಿಳ್ಳಮ್ಮ. ಎಷ್ಟು ದಿನ ಆಯ್ತು ಬಿಟ್ಟು?"

ಅವರು ಮಗನ ಮುಖ ನೋಡಿದರು. ಅಂಜಿನಪ್ಪ ನೆಲ ನೋಡುತ್ತಾ ಹೇಳಿದ: "ಎಲ್ಡು ಬೆಳೆ ಆಯ್ತು ಮೇಡಂ."

ಎರಡು ಬೆಳೆ ಎಂದರೆ ಹೆಚ್ಚುಕಡಿಮೆ ಎರಡು ತಿಂಗಳು. ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ ತಿಪ್ಪೆಗೆ ಹಾಕಿ, ಖಾಲಿ ಪಟ್ಟಿ ಕೊಟ್ಟಿದ್ದರು. ಯಾಕೆಂದು ಕೇಳಿದಾಗ ಪಿಳ್ಳಮ್ಮ ದನಿ ಏರಿಸಿದರು.

"ನೀವೇ ಅಲ್ವೇನಮ್ಮ ಹೇಳಿದ್ದು, ಬೆವರೂ ಹಳದಿ ಆಗ್ತದೆ ಅಂತ? ಆ ಕೈಯಾಗೆ ಹುಳ ಮುಟ್ಟಿದ್ರೆ ಹಾಲುತೊಂಡೆ ಬರಲ್ವಾ? ಹೋದ ವರ್ಷ ಮನೆ ಪೂರ್ತಿ ಹುಳ ಹಳದಿ ತಿರುಗಿ, ಊದ್ಕೊಂಡು, ಒಡೆದು ಹೋದ್ವು. ಗುಂಡಿ ತೋಡಿ ಹೂತ್ವಿ. ಚೆನ್ನಾಗವ್ಳೆ ಅಂತ ನೀವೂ ಅಂದ್ರಿ. ಬೆಳೆ ಆದ್ಮೇಲೆ ನುಂಗಿದ್ರಾಯ್ತು ಅಂದ್ಕೊಂಡ್ವಿ. ದೇವುಡಾ, ಇಂಗಾಗ್ತದೆ ಅಂತ ಯಾರಿಗ್ ಗೊತ್ತು?"

ಹುಳುಮನೆಯ ಶಿಸ್ತು ಈ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ಸ್ನಾನ ಮಾಡದೆ ಒಳಹೋಗುವಂತಿಲ್ಲ, ಘಾಟು ವಾಸನೆ ತರುವಂತಿಲ್ಲ, ಹೊರಗಿನವರು ಬರುವಂತಿಲ್ಲ. ಆ ಎರಡು ತಿಂಗಳು ಸುಜಾತ ಸೋಮವಾರ ಅಂಗನವಾಡಿಗೂ ಹೋಗಿರಲಿಲ್ಲ. ಮನೆಯಲ್ಲಿ ತಾನೂ ಹುಳು ಸಾಕುವ ಗಾಯತ್ರಿ, ಆ ಶಿಸ್ತು ಮುರಿಯಲಾರದೆ ಮಾತ್ರೆ ಪಟ್ಟಿಯನ್ನು ಬಾಗಿಲ ಹೊರಗಿನ ಕಲ್ಲಿನ ಮೇಲಿಟ್ಟು ಬರುತ್ತಿದ್ದಳು. ವಿಷಯ ತಿಳಿದು ಓಡಿ ಬಂದವಳು ಅತ್ತಳು. "ಒಳಗೆ ಕಾಲಿಟ್ಟು ಅವರ ಹುಳ ಸತ್ತಿದ್ರೆ ಊರಲ್ಲಿ ನಾನು ಬದುಕೋದು ಹೆಂಗೆ ಮೇಡಂ?"

ಬೆಂಗಳೂರಿಗೆ ಕಳಿಸಲು ವಾಹನ ಬರುವವರೆಗೆ ಒಂದು ಗಂಟೆ ಸಿಕ್ಕಿತು. ನಿಲ್ಲಿಸಿದ ಔಷಧಗಳನ್ನೂ ಊತ ಇಳಿಸುವ ಡೆಕ್ಸಾಮೆಥಾಸೋನ್ ಇಂಜೆಕ್ಷನ್ನನ್ನೂ ಕೊಟ್ಟೆ. ಆಮೇಲೆ ಪಿಳ್ಳಮ್ಮನ ಪಕ್ಕದ ಬೆಂಚಿನಲ್ಲಿ ಕೂತು, ಜನವರಿಯಲ್ಲಿ ಹೇಳಬೇಕಾಗಿದ್ದನ್ನು ಹೇಳಿದೆ.

"ಹುಳದ ಮನೆ ಕಿಟಕಿಗೆ ಊಜಿ ನೊಣ ಬರದ ಹಾಗೆ ಪರದೆ ಕಟ್ತೀರಲ್ಲ, ಮೆದುಳಿಗೂ ಅಂಥದೊಂದು ಪರದೆ ಇದೆ. ಕಾಯಿಲೆಯಲ್ಲಿ ಅದು ಹರಿಯುತ್ತೆ. ಹರಿದಾಗ ಔಷಧಾನೂ ಚೆನ್ನಾಗಿ ಒಳಗೆ ಹೋಗುತ್ತೆ. ಅವಳು ಸುಧಾರಿಸಿದಳು ಅಂದ್ರೆ ಪರದೆ ಮತ್ತೆ ಹೊಲಿದುಕೊಂಡಿತು ಅಂತ. ಆದ್ರೆ ಒಳಗೆ ನೊಣ ಉಳಿದಿತ್ತು."

ಪಿಳ್ಳಮ್ಮ ತಕ್ಷಣ ಹೇಳಿದರು: "ನೊಣ ಒಳಗೆ ಬಿಟ್ಟು ಪರದೆ ಮುಚ್ಚಿದ್ರೆ ಒಂದು ಹುಳಾನೂ ಉಳಿಯಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಇಷ್ಟೇನಾ? ಇದನ್ನ ಆವತ್ತೇ ಹೇಳಿದ್ರೆ ತಿಳ್ಕೊಳ್ದೆ ಇರೋಷ್ಟು ದಡ್ಡರಾ ನಾವು?" ಎಂದರು.



ಮಾತ್ರೆ ಬಿಟ್ಟಿದ್ದೊಂದೇ ಇದಕ್ಕೆ ಕಾರಣ ಎಂದು ಖಚಿತವಾಗಿ ಬರೆಯಲಾರೆ. ಈ ರೋಗ ಚಿಕಿತ್ಸೆಯ ನಡುವೆಯೂ ಕೆಲವರಲ್ಲಿ ಕೆರಳುತ್ತದೆ. ಆದರೆ ಎರಡು ತಿಂಗಳ ಅಂತರ ಅಲ್ಲಿತ್ತು, ಅದನ್ನು ನಾನು ಕಾಣಲಿಲ್ಲ. ಅವಳನ್ನು ನೋಡದೆ, ಒಂದು ಮೂತ್ರದ ಬಾಟಲಿ ತರಿಸದೆ ಎರಡು ಸಲ ಕಾರ್ಡು ತುಂಬಿದ್ದೆ. ಇದನ್ನು ಪ್ರಕರಣದ ಟಿಪ್ಪಣಿಯಲ್ಲಿ ನನ್ನ ಹೆಸರಿನಲ್ಲೇ ದಾಖಲಿಸಿದೆ.

ಅದೇ ವಾರ ಪರಿಚಯದ ರೇಷ್ಮೆ ವಿಸ್ತರಣಾಧಿಕಾರಿಯೊಬ್ಬರಿಗೆ ಫೋನ್ ಮಾಡಿದೆ. ಹಾಲುತೊಂಡೆ ವೈರಸ್‌ನಿಂದ ಬರುವ ರೋಗ, ಬೆವರಿನ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ, ಎಲ್ಲರಂತೆ ಕೈ ತೊಳೆದು ಒಳಹೋದರೆ ಸಾಕು ಎಂದರು. ಮಾತುಕತೆ ಐದು ನಿಮಿಷವೂ ಆಗಲಿಲ್ಲ.

ಬೆಂಗಳೂರಿನಲ್ಲಿ ಸುಜಾತಳ ಮೆದುಳಿನ ನೀರಿಳಿಸಲು ಕೊಳವೆ ಹಾಕಿದರು. ಅವಳು ಬದುಕಿದಳು. ಹೊಸದಾಗಿ ಶುರುವಾದ ಚಿಕಿತ್ಸೆಯಲ್ಲಿ ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ. ಮಾತು ಪೂರ್ತಿ ಬಂತು, ನಡಿಗೆ ಬಂತು, ಬಲಗೈ ಬೆರಳುಗಳು ಬರಲಿಲ್ಲ. ಹಣ್ಣಾದ ಹುಳುವನ್ನು ನೋಯಿಸದೆ ಆರಿಸಿ, ಅದು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುವುದು ಬೆರಳ ತುದಿಯ ಕೆಲಸ. ಅದನ್ನು ಈಗ ಪಿಳ್ಳಮ್ಮ ಮಾಡುತ್ತಿದ್ದರು.

2006ರ ಆರಂಭದಲ್ಲಿ, ಚಿಕಿತ್ಸೆ ಮುಗಿದ ದಿನ, ಸುಜಾತ ಒಬ್ಬಳೇ ಬಸ್ಸಿನಲ್ಲಿ ಬಂದಳು. ಪರೀಕ್ಷೆ ಮುಗಿಸಿ ಕಾರ್ಡು ಮುಚ್ಚುವಾಗ ಕೇಳಿದಳು:

"ಮೇಡಂ, ಆವತ್ತು ಮಾತ್ರೆ ನುಂಗ್ಕೊಂಡೇ ಹುಳ ಮುಟ್ಟಿದ್ರೆ ಏನಾಗ್ತಿತ್ತು?"

ಸುಳ್ಳು ಹೇಳಲು ಒಂದು ಕ್ಷಣ ಮನಸ್ಸಾಯಿತು. "ಏನೂ ಆಗ್ತಿರಲಿಲ್ಲ ಸುಜಾತ" ಎಂದೆ.

ಅವಳು ಎಡಗೈಯಿಂದ ಸೆರಗು ಸರಿಮಾಡಿಕೊಂಡು, "ಬರ್ತೀನಿ" ಎಂದು ಎದ್ದು ಹೋದಳು.

ಔಷಧ ದೇಹದಲ್ಲಿ ಏನು ಮಾಡುತ್ತದೆ ಎಂದು ಹೇಳುವುದು ವೈದ್ಯರ ಅರ್ಧ ಕೆಲಸ. ಅದನ್ನು ನುಂಗಿದವರು ಮನೆಗೆ ಹೋಗಿ ಯಾವ ಕೆಲಸಕ್ಕೆ ಕೈ ಹಾಕುತ್ತಾರೆ ಎಂದು ಕೇಳುವುದು ಇನ್ನರ್ಧ. ನಿವೃತ್ತಿಯ ದಿನದವರೆಗೂ ಚೀಟಿ ಬರೆಯುವ ಮೊದಲು ಆ ಪ್ರಶ್ನೆ ಕೇಳಿದ್ದೇನೆ. ಕೇಳಲು ಅರ್ಧ ನಿಮಿಷ ಸಾಕಾಗುತ್ತಿತ್ತು.