ಗಂಗೊಳ್ಳಿಯಿಂದ ಒಬ್ಬಳೇ ಬಂದ ಹೊನ್ನಮ್ಮ

ಹೊನ್ನಮ್ಮನಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಮದುವೆಯಾದ ಮೂರನೇ ತಿಂಗಳಲ್ಲಿ ಗಂಡ ಉತ್ತಯ್ಯ ಕೊಟ್ಟ ಏಟಿಗೆ ಹೋದ ಕಿವಿ ಅದು. ನಾಪೋಕ್ಲಿನ ಬಸ್ಸಿನ ಹತ್ತಿರ ಅಣ್ಣನ ಜೊತೆ ನಿಂತು ಮಾತಾಡಿ ತಡಮಾಡಿದಳೆಂಬುದೇ ಕಾರಣ. ನಾಲ್ಕನೇ ವರ್ಷ ಹೊಟ್ಟೆಗೆ ಬಿದ್ದ ಒದೆಗೆ ಐದು ತಿಂಗಳ ಬಸಿರು ಇಳಿದುಹೋಯಿತು. ತವರಿಗೆ ಹೋಗಿ ಅತ್ತಾಗ ತಾಯಿ, ಯುದ್ಧಕ್ಕೆ ಹೋಗಿ ಬಂದ ಗಂಡಸರು ಹೀಗೇ, ವಯಸ್ಸಾದ ಮೇಲೆ ಸರಿಹೋಗುತ್ತಾರೆ ಎಂದು ಸಮಾಧಾನ ಹೇಳಿ ಮಾರನೆಯ ದಿನ ಬಸ್ಸು ಹತ್ತಿಸಿದಳು.

ಹೊರಗಿನವರಿಗೆ ಉತ್ತಯ್ಯನಂಥ ಮನುಷ್ಯನಿಲ್ಲ. ಬರ್ಮಾದಲ್ಲಿ ಒಟ್ಟಿಗಿದ್ದ ಗೆಳೆಯರು ಕರಾವಳಿಯುದ್ದಕ್ಕೂ ಇದ್ದರು, ಕಾಗದ ಬರೆಯುತ್ತಿದ್ದರು, ಹೆಂಡತಿಯನ್ನು ತೋರಿಸಲೇ ಇಲ್ಲವಲ್ಲ ಎಂದು ಆಕ್ಷೇಪಿಸುತ್ತಿದ್ದರು. ಐವತ್ತಮೂರನೇ ಇಸವಿಯಲ್ಲಿ ಕಾಫಿ ಕುಯ್ಲು ಮುಗಿದದ್ದೇ ಅವನು ಹೊರಟ. ಮಂಗಳೂರಿನಿಂದ ಹೊನ್ನಾವರಕ್ಕೆ ಹೆಂಚು ಒಯ್ಯುವ ಮಚ್ವೆ ಎಂಬ ಹಾಯಿದೋಣಿಯೊಂದನ್ನು ನಡೆಸುವ ತಂಡೇಲ ಹಸನಬ್ಬ ಗುರುತಿನವನು. ಅವಸರವೇನಿಲ್ಲ, ಗಾಳಿ ಇದ್ದಷ್ಟು ಹೋಗುವುದು, ಗೆಳೆಯರ ಊರು ಬಂದಲ್ಲಿ ಇಳಿದು ಎರಡು ದಿನ ಇದ್ದು ಬರುವುದು ಎಂದು ಮಾತಾಯಿತು. ಹೆಂಗಸನ್ನು ಕರೆದೊಯ್ಯಲು ಹಸನಬ್ಬ ಮೊದಲು ಒಪ್ಪಲಿಲ್ಲ, ಕೊನೆಗೆ ಹೂಂ ಅಂದ.

ಹೊನ್ನಮ್ಮ ಅಲ್ಲಿಯವರೆಗೆ ಸಮುದ್ರ ಕಂಡವಳಲ್ಲ. ಮೊದಲ ದಿನ ಬೆಳಗಿನ ಗಾಳಿಗೆ ಹಾಯಿ ಉಬ್ಬಿ ದಡ ಹಿಂದಕ್ಕೆ ಸರಿದಾಗ ಅವಳಿಗೆ ಹೆದರಿಕೆಯ ಬದಲು ಹಸಿವಾಯಿತು. ಬುತ್ತಿ ಬಿಚ್ಚಿ ಕಡುಬು ತಿಂದಳು. ಉತ್ತಯ್ಯ ಮಾತ್ರ ಅಂಚಿಗೆ ಒರಗಿ ಸಂಜೆಯವರೆಗೆ ವಾಂತಿ ಮಾಡಿದ. ಮಿಲಿಟರಿಗೆ ಈಕೆಯನ್ನೇ ಕಳಿಸಬೇಕಿತ್ತು ಎಂದು ಹಸನಬ್ಬ ನಕ್ಕ. ಉತ್ತಯ್ಯನೂ ನಕ್ಕ. ಆ ನಗುವಿನ ಬೆಲೆ ಹೊನ್ನಮ್ಮನಿಗೆ ಗೊತ್ತಿತ್ತು.

ಮಲ್ಪೆಯಲ್ಲಿ ಗೆಳೆಯ ಐತಪ್ಪನ ಮನೆ. ಬಂಗುಡೆ ಸಾರು, ಕೋಳಿ, ಹಳೆಯ ಕತೆಗಳು. ದೋಣಿ ಪ್ರಯಾಣ ಹೇಗಾಯಿತೆಂದು ಐತಪ್ಪ ಕೇಳಿದ್ದಕ್ಕೆ ಹೊನ್ನಮ್ಮ ನಡೆದದ್ದನ್ನೇ ಹೇಳಿದಳು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಮರುದಿನ ಮಚ್ವೆಗೆ ಹಿಂತಿರುಗುವಾಗ, ಒಣಗಲು ಹಾಕಿದ್ದ ಬಲೆಗಳ ಮರೆಯಲ್ಲಿ, ಉತ್ತಯ್ಯ ಮುಷ್ಟಿ ಬಿಗಿದು ಅವಳ ಬಾಯಿಗೆ ಗುದ್ದಿದ. ತುಟಿ ಸೀಳಿತು, ಒಂದು ಹಲ್ಲು ಮುರಿದು ನಾಲಗೆಗೆ ಬಂತು. ಅವಳು ರಕ್ತ ಉಗುಳುತ್ತ ಮಚ್ವೆ ಹತ್ತಿದಳು. ಹಸನಬ್ಬ ಅವಳನ್ನು ನೋಡಿದ, ಆಮೇಲೆ ತಲೆಯೆತ್ತಿ ಹಾಯಿಯನ್ನು ನೋಡಿದ.

ಗಂಗೊಳ್ಳಿಯಲ್ಲಿ ಇನ್ನೊಬ್ಬ ಗೆಳೆಯ ಸಾಲ್ವದೋರನ ಮನೆಯವರಿಗೆ, ದೋಣಿಯಲ್ಲಿ ಜಾರಿ ಬಿದ್ದಳು ಎಂದು ಉತ್ತಯ್ಯನೇ ಹೇಳಿದ. ಸಾಲ್ವದೋರನ ಮುದಿ ತಾಯಿ ಅವಳನ್ನು ಅಡುಗೆಮನೆಗೆ ಕರೆದೊಯ್ದು, ಬಿಸಿ ಉಪ್ಪಿನ ಗಂಟಿನಿಂದ ಕೆನ್ನೆಗೆ ಶಾಖ ಕೊಟ್ಟಳು.

"ನನ್ನ ಗಂಡನ ಹತ್ತಿರವೂ ಇಂಥದೇ ದೋಣಿ ಇತ್ತು ಮಗಾ," ಅಂದಳು. "ಇಪ್ಪತ್ತು ವರ್ಷ ಜಾರಿ ಬಿದ್ದೆ. ಅವನು ಸತ್ತ ದಿನ ಮೀನು ಸಾರು ಮಾಡಿ ಊಟ ಮಾಡಿದೆ."

ಹೊನ್ನಮ್ಮನಿಗೆ ನಗು ಬಂತು; ತುಟಿ ಮತ್ತೆ ಒಡೆಯಿತು.

ಆ ನಗು ಚಾವಡಿಯಲ್ಲಿ ಕೂತ ಉತ್ತಯ್ಯನಿಗೆ ಕೇಳಿಸಿತ್ತು. ಮಾರನೆಯ ಬೆಳಿಗ್ಗೆ ಗಂಗೊಳ್ಳಿಯ ಅಳಿವೆ ದಾಟಿ ಮಚ್ವೆ ಕಡಲಿಗೆ ಬಿದ್ದ ಮೇಲೆ, ಒಳಗೆ ಮುದುಕಿಗೆ ಏನು ಹೇಳಿದೆ ಎಂದು ಕೇಳಿದ. ಏನೂ ಹೇಳಲಿಲ್ಲ ಅಂದಳು. ಅವನು ಜಡೆ ಕೈಗೆ ಸುತ್ತಿಕೊಂಡು ಅವಳನ್ನು ಅಂಚಿನವರೆಗೆ ಎಳೆದು, ಕುತ್ತಿಗೆ ಒತ್ತಿ ತಲೆಯನ್ನು ನೀರಿನ ಕಡೆಗೆ ಬಗ್ಗಿಸಿದ. ಅಲೆ ಮುಖಕ್ಕೆ ಹೊಡೆಯಿತು. ಸೀಳಿದ ತುಟಿಗೆ ಉಪ್ಪುನೀರು ಬೆಂಕಿಯಂತೆ ತಗಲಿತು, ಮೂಗಿನಲ್ಲೂ ನೀರು ಹೋಯಿತು. ಮಚ್ವೆಯ ಆಳುಗಳು ನಿಂತಲ್ಲೇ ನಿಂತಿದ್ದರು. ಗಂಡಹೆಂಡಿರ ನಡುವೆ ಯಾರು ಕೈಹಾಕುತ್ತಾರೆ?

ಅಂಚಿನ ಪಕ್ಕ ತಡಕಾಡಿದ ಅವಳ ಕೈಗೆ ಹಗ್ಗ ಬಿಗಿಯುವ ಮರದ ಗೂಟವೊಂದು ಸಿಕ್ಕಿತು. ಹಿಂದೆ ನೋಡದೆಯೇ ಬೀಸಿದಳು. ಏಟು ಅವನ ಮೊಣಕಾಲಿಗೆ ಬಿತ್ತು, ಜಡೆ ಸಡಿಲಾಯಿತು. ತಿರುಗಿ ಎದ್ದು, ಮತ್ತೆ ಮೇಲೆ ಬಂದ ಅವನ ಬಲಗೈಗೆ ಹೊಡೆದಳು. ಮಣಿಕಟ್ಟಿನ ಮೂಳೆ ಒಣಕಟ್ಟಿಗೆಯಂತೆ ಮುರಿದದ್ದು ಅವಳ ಒಂದೇ ಕಿವಿಗೂ ಸ್ಪಷ್ಟ ಕೇಳಿಸಿತು. ಉತ್ತಯ್ಯ ಕೂಗಿಕೊಂಡು ಹೆಂಚಿನ ರಾಶಿಯ ಮೇಲೆ ಬಿದ್ದ. ಅವಳು ಬಿದ್ದವನ ಅದೇ ಕೈಗೆ ಇನ್ನೊಂದು ಏಟು ಹಾಕಿದಳು. ಕೆಳಗಿನ ಹೆಂಚು ಪುಡಿಯಾಯಿತು. ನಾಲ್ಕನೆಯದಕ್ಕೆ ಎತ್ತಿದಾಗ ಹಸನಬ್ಬ ಗೂಟ ಹಿಡಿದುಕೊಂಡ.

"ಸಾಕು ತಂಗೀ. ಕೊಲೆ ಆಗ್ತದೆ."

"ನಿನ್ನೆ ಎಲ್ಲಿದ್ರಿ ನೀವು?" ಎಂದಳು ಹೊನ್ನಮ್ಮ.

ಹಸನಬ್ಬ ಗೂಟ ಕಸಿದು ಪಕ್ಕಕ್ಕಿಟ್ಟ. ಚುಕ್ಕಾಣಿ ತಿರುಗಿಸಿ ಮಚ್ವೆಯನ್ನು ಗಂಗೊಳ್ಳಿಗೇ ತಂದ. ಕುಂದಾಪುರದ ಆಸ್ಪತ್ರೆಯಲ್ಲಿ ಉತ್ತಯ್ಯ ಹಾಯಿಯ ಗಳ ಬಿತ್ತೆಂದು ಬರೆಸಿದ. ಹೆಂಡತಿಯಿಂದ ಪೆಟ್ಟು ತಿಂದೆನೆಂದು ಹೇಳುವುದು ಅವನಿಂದಾಗಲಿಲ್ಲ. ಹೊನ್ನಮ್ಮ ಅವನಿಗಾಗಿ ಕಾಯಲಿಲ್ಲ. ಮಂಗಳೂರಿಗೆ ಒಂದು ಬಸ್ಸು, ಮಡಿಕೇರಿಗೆ ಇನ್ನೊಂದು, ನಾಪೋಕ್ಲಿಗೆ ಮತ್ತೊಂದು ಹಿಡಿದು ಒಬ್ಬಳೇ ಮನೆ ಸೇರಿ ಬೀಗ ತೆಗೆದಳು. ದಾರಿಯುದ್ದಕ್ಕೂ ಆ ಏಟುಗಳನ್ನೇ ಎಣಿಸಿದಳು. ಮೊದಲ ಎರಡು ಏಟು ಜೀವ ಉಳಿಸಿಕೊಳ್ಳಲು ಎಂದು ತನಗೆ ತಾನೇ ಹೇಳಿಕೊಂಡಳು. ಮೂರನೆಯದನ್ನು ಹೊಡೆಯುವಾಗ ಹಿತವಾಗಿತ್ತು. ಅದನ್ನು ನೆನೆದರೆ ಅವಳಿಗೆ ಗಂಡನಿಗಿಂತ ತನ್ನ ಮೇಲೇ ಹೆದರಿಕೆಯಾಗುತ್ತಿತ್ತು.

ತಿಂಗಳು ಕಳೆದು ಉತ್ತಯ್ಯ ಬಂದ. ಕೈ ಸೊಟ್ಟಗೆ ಕೂಡಿತ್ತು. ಅವಳು ಬಾಗಿಲಲ್ಲೇ ನಿಂತು, ಇದೇ ಮನೆಯಲ್ಲಿರುವುದಾದರೆ ಹೊರಕೋಣೆಯಲ್ಲಿರಬೇಕು, ಊಟ ಹಾಕುತ್ತೇನೆ, ಕೈ ಎತ್ತಿದರೆ ಈ ಸಲ ತಲೆಗೇ ಹೊಡೆಯುತ್ತೇನೆ ಎಂದಳು. ಅಷ್ಟು ವರ್ಷದಲ್ಲಿ ಮೊದಲ ಸಲ ಅವನಿಗೆ ನೀನು ಎಂದಿದ್ದಳು. ಅವನು ಹೊರಕೋಣೆಗೆ ಹೋದ. ತೋಟದ ಕೆಲಸ, ಆಳುಗಳ ಲೆಕ್ಕ ಎಲ್ಲ ಅವಳ ಕೈಗೆ ಬಂತು.

ಮರುವರ್ಷ ಐತಪ್ಪ ಒಣಮೀನಿನ ಕಟ್ಟು ಹೊತ್ತು ಮಲ್ಪೆಯಿಂದ ನೋಡಲು ಬಂದ. ಊಟಕ್ಕೆ ಕೂತಾಗ ಗೆಳೆಯ ಎಡಗೈಯಲ್ಲಿ ತುತ್ತು ಎತ್ತುವುದನ್ನು ಕಂಡು ಏನಾಯಿತೆಂದು ಕೇಳಿದ. ಉತ್ತಯ್ಯ ಅನ್ನ ಕಲಸುತ್ತ ಕೂತ.

"ನಾನೇ ಮುರಿದದ್ದು," ಅಂದಳು ಹೊನ್ನಮ್ಮ, ಅನ್ನ ಬಡಿಸುತ್ತ.

ಐತಪ್ಪ, ತನ್ನ ಮನೆಗೆ ಬಂದಾಗ ಇಡಿಯಾಗಿದ್ದ ಅವಳ ಹಲ್ಲು ಮುರಿದಿರುವುದನ್ನು ಒಮ್ಮೆ ನೋಡಿ ಊಟ ಮುಗಿಸಿದ. ಬೆಳಗಿನ ಬಸ್ಸಿಗೇ ಹೊರಟುಹೋದ.