ಬಸ್ಸಿನಲ್ಲಿ ಬಂದ ಐದು ಮೀನು

ಯಜಮಾನರು ತೀರಿಕೊಂಡ ಮೇಲೆ ನಾನು ತುರುವೇಕೆರೆಯ ಮನೆ ಬಿಟ್ಟು ತಿಪಟೂರಿಗೆ ಬಂದೆ. ಅವರು ಮೀನು ಸಾಕುತ್ತಿದ್ದ ಗಾಜಿನ ತೊಟ್ಟಿ ಸಾಮಾನಿನ ಜೊತೆ ಮೊದಲೇ ಹೋಗಿತ್ತು. ಅವರ ಐದು ಮೀನುಗಳನ್ನು ಮಾತ್ರ ಯಾರ ಕೈಗೂ ಕೊಡಲು ಮನಸ್ಸಾಗದೆ, ಬಕೆಟ್ಟಿನಲ್ಲಿ ಹಿಡಿದು ಬಸ್ಸು ಹತ್ತಿದೆ.

ಕಂಡಕ್ಟರ್ ಬಗ್ಗಿ ನೋಡಿದ. "ಒಂದು ತೊಟ್ಟು ಚೆಲ್ಲಿದ್ರೂ ನೊಣವಿನಕೆರೇಲೇ ಇಳಿಸ್ಬುಡ್ತೀನಿ ಮೇಡಂ."

ಬಸ್ಸು ಹೊರಟಿತು. ಕುಲುಕಾಟಕ್ಕೆ ನೀರು ಅಂಚಿನವರೆಗೆ ಏರತೊಡಗಿತು. ನಾನು ಅಂಗೈ ಅಡ್ಡ ಹಿಡಿದೆ.

"ಕೈ ಹಿಡಿದ್ರೆ ನೀರು ನಿಲ್ತದೇನವ್ವ?" ಎನ್ನುತ್ತ ಪಕ್ಕದ ಸೀಟಿನ ಅಜ್ಜಿ ತಮ್ಮ ಚೀಲದಿಂದ ವೀಳ್ಯದೆಲೆ ತೆಗೆದು ನೀರಿನ ಮೇಲೆ ಹಾಸಿದರು. "ಬಾವಿಯಿಂದ ಕೊಡ ಹೊತ್ತು ಬರೋವಾಗ ಸೊಪ್ಪು ಹಾಕ್ತಿದ್ದೋ. ತುಳುಕಾಕಿಲ್ಲ ಕಣವ್ವ."

ನಿಜಕ್ಕೂ ಹೊಯ್ದಾಟ ತಗ್ಗಿತು.

ನೊಣವಿನಕೆರೆಯಲ್ಲಿ ಕಂಡಕ್ಟರ್ ಬಂದು ಬಕೆಟ್ಟಿನ ಸುತ್ತ ಬೆರಳಾಡಿಸಿದ. ನೆಲ ಒಣಗೇ ಇತ್ತು.

"ಸರಿಯಾಗಿ ನೋಡಪ್ಪ, ಕನ್ನಡಕ ಕೊಡ್ಲಾ?" ಎಂದರು ಅಜ್ಜಿ. ಬಸ್ಸೆಲ್ಲ ನಕ್ಕಿತು.

ತಿಪಟೂರಿನಲ್ಲಿ ಬಕೆಟ್ಟನ್ನು ಅವನೇ ಕೆಳಗಿಳಿಸಿಕೊಟ್ಟ. "ಇನ್ಮೇಲೆ ಮೊಸಳೆ ತಂದ್ರೂ ಹತ್ತಿಸ್ಕೊತೀನಿ, ಬುಡಿ ಮೇಡಂ."

ಐದು ಮೀನೂ ಹೊಸ ಮನೆಯಲ್ಲಿ ಚುರುಕಾಗಿ ಈಜುತ್ತಿವೆ. ಶಾಲೆಯಲ್ಲಿ ಅಲೆಗಳ ಪಾಠ ಮಾಡುವವಳು ನಾನು. ಅವತ್ತು ಆ ಪಾಠದಲ್ಲಿ ನನ್ನನ್ನು ಪಾಸು ಮಾಡಿಸಿದ್ದು ಮಾತ್ರ ಆ ಅಜ್ಜಿ.