ಮೀವುದ್ ಎಂದ ಉಪದೇಶಿಗಳು

ನಮ್ಮ ಉಪದೇಶಿಗಳ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಹರೆಯದಲ್ಲಿ ಹೆಂಚಿನ ಕಾರ್ಖಾನೆಯ ಅಚ್ಚಿನಡಿ ಸಿಕ್ಕಿ ಸೆಟೆದುಹೋದ ಬೆರಳು ಅದು. ಅದನ್ನೇ ಸತ್ಯವೇದದ ಸಾಲುಗಳ ಕೆಳಗೆ ಓಡಿಸುತ್ತ ಅವರು ಕುಂದಾಪುರದ ನಮ್ಮ ಪುಟ್ಟ ಸಭೆಗೆ ಅಕ್ಷರ ಕಲಿಸಿದರು. ದೇವರು ಹೀಗೆಂದಿದ್ದಾನೆ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, "ಎಲ್ಲಿತ್ತ್? ಓದಿ ಕಾಣ್ಸಿ" ಎಂದು ಪುಸ್ತಕವನ್ನೇ ಅವರ ಮಡಿಲಿಗಿಡುತ್ತಿದ್ದರು. ಪಾದ್ರಿ ದೊರೆಗಳಿಗೂ ವಿನಾಯಿತಿ ಇರಲಿಲ್ಲ. "ನಮ್ಗೂ ದೇವ್ರಿಗೂ ಮಧ್ಯೆ ಈ ಪುಸ್ತಕ ಒಂದೇ, ಮರ್ರೆ. ದಲ್ಲಾಳಿ ಬ್ಯಾಡ."

ಪುಸ್ತಕದ ಬಿಗಿಗನ್ನಡ ಗದ್ದೆ ಕೆಲಸದ ಹೆಂಗಸರಿಗೆ ತಿಳಿಯದು. ಉಪದೇಶಿಗಳು ಅದನ್ನು ಊರಮಾತಿಗೆ ಇಳಿಸುತ್ತಿದ್ದರು. ದೀಕ್ಷಾಸ್ನಾನ ಅಂದರೇನೆಂದು ಕೇಳಿದ ನನ್ನಕ್ಕ ರೆಬೆಕ್ಕಳಿಗೆ, "ಯೇಸುಸ್ವಾಮಿ ಹೆಸ್ರಲ್ ಮೀವುದ್, ಹೆಣೆ" ಎಂದಿದ್ದರು. ನಮ್ಮ ಸಭೆಯಲ್ಲಿ ಹಸುಗೂಸಿನ ಹಣೆಗೆ ಮೂರು ಸಲ ನೀರು ಚಿಮುಕಿಸುವುದೇ ಆ ಸಂಸ್ಕಾರ. ಅಷ್ಟನ್ನು ಮೀಯುವುದೆಂದು ಕುಂದಾಪುರದಲ್ಲಿ ಯಾರೂ ಅನ್ನರು. ಆ ಒಂದು ಮಾತು ಅಕ್ಕನೊಳಗೆ ಹದಿನೈದು ವರ್ಷ ಕಾದು ಕೂತಿತ್ತು.

ಯುದ್ಧ ಶುರುವಾಗಿ ಜರ್ಮನ್ ಪಾದ್ರಿಗಳನ್ನು ಸರಕಾರ ಒಯ್ದ ಮೇಲೆ ಸಭೆ ಐವರು ಹಿರಿಯರ ಕೈಗೆ ಬಂತು. ಉಪದೇಶಿಗಳು ಅವರಲ್ಲೊಬ್ಬರು. ಆಗಲೇ ಬೈಂದೂರಿಗೆ ಬಂದಿಳಿದ ಬೇರೊಂದು ಪಂಗಡದ ಬೋಧಕ, ವಿಶ್ವಾಸಿಯು ತಾನೇ ಅರಿತು ನೀರಿನಲ್ಲಿ ಮುಳುಗೇಳಬೇಕೆಂದು ಸಾರತೊಡಗಿದ. ಅಕ್ಕ ವೇದವನ್ನು ಓದಿ ನೋಡಿದಳು, ಹೊಳೆಗಿಳಿದಳು.

ಮುಂದಿನ ಭಾನುವಾರ ವಿಚಾರಣೆ. "ಶಿಶು ಇಪ್ಪೊತ್ತಿಗೆ ಮಾಡಿದ್ ದೀಕ್ಷೆ ಸಾಲ್ಲಿಲ್ಯಾ ನಿಂಗೆ?" ಎಂದು ಹಿರಿಯರಾದ ಪ್ರಸನ್ನಪ್ಪ ಗುಡುಗಿದರು.

"ನೀರ್ ಚಿಮ್ಕಿಸ್ರೆ ಮಿಂದಂಗೆ ಆತ್ತಾ? ನೀವ್ ಮನೇಲಿ ಹಾಂಗೇ ಮೀವುದಾ?"

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನೀರಿಗಿಳಿದು ಮೇಲೆದ್ದವನ ಪ್ರಸಂಗವನ್ನು ಅಕ್ಕ ಓದಿದಳು. ಉಪದೇಶಿಗಳು ಪುಸ್ತಕ ತೆಗೆದುಕೊಂಡು, ಸೆರೆಮನೆಯ ಕಾವಲುಗಾರ ಮನೆಮಂದಿಯೊಂದಿಗೆ ದೀಕ್ಷೆ ಪಡೆದದ್ದನ್ನು ಓದಿದರು. "ಮನಿಯವ್ರೆಲ್ಲ ಅಂದ್ರೆ ಶಿಶುಗಳೂ ಬಂದ್ವಲ್ದಾ?"

"ಶಿಶು ಇತ್ತ್ ಅಂದೇಳಿ ಎಲ್ಲಿತ್ತ್? ಓದಿ ಕಾಣ್ಸಿ," ಎಂದಳು ಅಕ್ಕ.

ಬೆರಳು ಸಾಲಿನ ಕೆಳಗೇ ನಿಂತಿತು. ಉಪದೇಶಿಗಳು, "ಇವ್ಳ್ ಓದಿದ್ದ್ ತಪ್ಪಲ್ಲ. ನಾ ಓದಿದ್ದೂ ತಪ್ಪಲ್ಲ" ಎಂದರು.

"ಹ್ವಾಯ್ ಉಪದೇಶಿಗಳೆ! ಎಲ್ಲರೂ ಓದಿ ಎಲ್ಲರೂ ಅರ್ಥ ಹೇಳ್ರೆ ಇದ್ ಸಭೆಯಾ, ಸಂತಿಯಾ?" ಎಂದು ಪ್ರಸನ್ನಪ್ಪ ಹಿರಿಯರ ಕೈ ಎತ್ತಿಸಿದರು. ಸಭೆಯೆಲ್ಲ ಒಟ್ಟಾಗಿ ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸುವ ಕರ್ತನ ಭೋಜನದಿಂದ ಅಕ್ಕನನ್ನು ಹೊರಗಿಡಲು ಇಬ್ಬರು ಒಪ್ಪಿದರು, ಇಬ್ಬರು ಒಪ್ಪಲಿಲ್ಲ. ಕೊನೆಗೆ ಮೇಲೆದ್ದದ್ದು ನಮಗೆ ಅಕ್ಷರ ತೋರಿಸಿದ ಆ ಕೈ.

ಮದರಾಸಿನಲ್ಲಿ ಬಿ.ಎ. ಓದಿದ ವರ್ಷಗಳುದ್ದಕ್ಕೂ ನಾನು ಒಂದೇ ಪ್ರಶ್ನೆಯನ್ನು ಮಸೆಯುತ್ತಿದ್ದೆ. ಗ್ರಂಥವೇ ನ್ಯಾಯಾಧಿಪತಿಯಾದರೆ ಎರಡು ಓದುಗಳ ನಡುವೆ ತೀರ್ಪಿತ್ತವರು ಯಾರು? ಮೂರು ಕೈಗಳಿಗೆ ಆ ಅಧಿಕಾರ ಕೊಟ್ಟ ವಾಕ್ಯ ಯಾವುದು? ಕಳೆದ ವರ್ಷ, ಬ್ರಹ್ಮಾವರದ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಅವರ ಮುಂದೆ ಅದನ್ನು ಇಟ್ಟೇಬಿಟ್ಟೆ.

"ಸಭೆ ಒಡ್ದ್ ಹೋತ್ತ್ ಅಂದೇಳಿ ಹೆದ್ರಿದೆ, ಹೆಣೆ," ಎಂದರು. ಆಮೇಲೆ ಗೋಡೆಯತ್ತ ತಿರುಗಿ, "ಅವ್ಳನ್ ಹೊರ್ಗಿಟ್ಟ್ ಮೇಲೆ ನಾನೂ ಭೋಜನ ತಕಂಡಿಲ್ಲೆ. ಕಾಲ್ನೋವ್ ಅಂದೇಳಿ ಬೆಂಚಲ್ಲೇ ಕೂಕಂತಿದ್ದೆ."

"ಅದನ್ನ್ ಸಭೆಯೆದ್ರು ಎಂತಕ್ಕೆ ಹೇಳ್ಲಿಲ್ಲೆ?"

"ಹೇಳ್ಬೇಕಿತ್ತ್."

ನನಗೆ ಅವರ ಗುಟ್ಟಿನ ಉಪವಾಸ ಬೇಕಿರಲಿಲ್ಲ, ಬಾಯಿಬಿಟ್ಟು ಆಡಿದ ಒಂದು ಮಾತು ಬೇಕಿತ್ತು. ಹಾಗೆಂದೇ ಹೇಳಿ ಬಸ್ಸು ಹತ್ತಿದೆ. ಎರಡು ತಿಂಗಳಿಗೆ ಅವರು ತೀರಿಕೊಂಡರು. ಜಗಳವಾಡಲು ಅಂಥ ಗುರು ಮತ್ತೆ ಸಿಗಲಿಲ್ಲ. ಯಾವ ಪುಸ್ತಕ ತೆರೆದರೂ ಅವರ ಎದುರುಪ್ರಶ್ನೆಗಾಗಿ ಕಿವಿ ಕಾಯುತ್ತದೆ.

ಬೈಂದೂರಿನಲ್ಲಿ ನೆಲೆಸಿರುವ ಅಕ್ಕನಿಗೆ ಎಲ್ಲವನ್ನೂ ತಿಳಿಸಿದೆ. ನನ್ನ ಹಾಗೆ ಸಿಡಿದಾಳೆಂದು ಕಾದೆ. ಅವಳು ಒಲೆಯ ಮುಂದಿನಿಂದ ಏಳಲಿಲ್ಲ.

"ನಂಗೊಂದ್ ಮಾತ್ ಹೇಳಿ ಕಳ್ಸ್‌ಲಿಲ್ಲ ಕಾಣ್," ಎಂದಳು. "ಇಬ್ರೂ ಹೊರ್ಗೆ ಒಟ್ಟಿಗೇ ಕೂಕಂಬೌದಿತ್ತ್."